ಸಿಂಧನೂರಿನ ಸರ್ವರಿಗೆ ಕಾಣದ ಮಸ್ಕಿ

ಹಳೆಯದನ್ನು ಮರೆತುಬಿಡಿ ಎಂದು ನನಗೆ ಉಪದೇಶಿಸುವವರೆಲ್ಲ, ನಾನು ಗಮನಿಸಿದ ಮಟ್ಟಿಗೆ, ಮರೆತರೆ ತಮಗೆ ಅನುಕೂಲವಾಗುವಂಥವರೇ ಆಗಿರುತ್ತಾರೆ. ಮಾತು ಅನ್ನಿಸಿಕೊಂಡವನು ಹಾಗೆ ಹೇಳಿದ್ದನ್ನು ನಾನು ಈವರೆಗೆ ಕೇಳಿಲ್ಲ. ಆದಕಾರಣ, ತೊಂಬತ್ತರ ದಶಕದ ಕೊನೆಯ ಭಾಗದಲ್ಲಿ ಸಿಂಧನೂರಿನ ಒಂದು ಯಂತ್ರವೂ ಅದರ ಮುಂದೆ ಕುಳಿತಿದ್ದ ಒಬ್ಬ ಮನುಷ್ಯನೂ ಸೇರಿ ಮಸ್ಕಿ ಎಂಬ ಊರೇ ಇಲ್ಲವೆಂದು ತೀರ್ಮಾನಿಸಿದ ಸಂಗತಿಯನ್ನು, ನಡೆದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತೇನೆ.

ಆಗ ನಾನು ಮಸ್ಕಿಯ ಪ್ರೌಢಶಾಲೆಯ ಗಣಿತ ಶಿಕ್ಷಕನ ಹುದ್ದೆಯಿಂದ ನಿವೃತ್ತನಾಗಿ ಮನೆಯಲ್ಲಿದ್ದೆ. ಸಿಂಧನೂರಿನಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಸಾವಕಾರರೊಬ್ಬರಿಗೆ, ಭತ್ತದ ನಂತರ ಬೆಳೆಯುವ ಬೆಳೆ ಕಂಪ್ಯೂಟರೇ ಎಂದು ಯಾರೋ ಹೇಳಿದ್ದರು. ಅವರು ಸಿಂಧನೂರಿನಲ್ಲಿ ಒಂದು ತರಬೇತಿ ಕೇಂದ್ರ ತೆರೆದು, ಲಿಂಗಸುಗೂರಿನಲ್ಲಿಯೂ ಮಸ್ಕಿಯಲ್ಲಿಯೂ ಒಂದೊಂದು ಶಾಖೆ ಇಟ್ಟರು. ಮಸ್ಕಿ ಶಾಖೆಗೆ ಪಾಠ ಹೇಳಲು ನನ್ನನ್ನು ಕರೆದರು. ನನಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಆದರೆ ಮುಂದಿನ ಪಾಠವನ್ನು ಹಿಂದಿನ ರಾತ್ರಿ ಓದಿಕೊಂಡು ಹೋಗಿ ಕಲಿಸುವುದು ಯಾವ ಶಿಕ್ಷಕನಿಗೂ ಹೊಸತಲ್ಲ.

ಮೂರು ಊರುಗಳ ಅಂತಸ್ತು ಇಲ್ಲಿ ತಿಳಿದಿರಬೇಕು. ಸಿಂಧನೂರಿಗೆ ಕಾಲುವೆಯ ನೀರಿತ್ತು. ನೀರಿದ್ದಲ್ಲಿ ಭತ್ತ, ಭತ್ತವಿದ್ದಲ್ಲಿ ಮಾತು ಗಟ್ಟಿ. ಲಿಂಗಸುಗೂರು ತಾಲೂಕಿನ ಊರು. ತಹಸೀಲ್ದಾರರ ಕಚೇರಿಯ ಮುಂದೆ ಚಹಾ ಮಾರುವವನೂ ಅರ್ಧ ತಹಸೀಲ್ದಾರನೇ. ಮಸ್ಕಿಯಾದರೋ ಆಗ ಲಿಂಗಸುಗೂರು ತಾಲೂಕಿನ ಒಂದು ಹೋಬಳಿ. ಯಂತ್ರಗಳ ಹಂಚಿಕೆಯೂ ಈ ಕ್ರಮದಲ್ಲಿಯೇ ನಡೆಯಿತು. ಹೊಸವು ಸಿಂಧನೂರಿಗೆ, ಸ್ವಲ್ಪ ಹಳೆಯವು ಲಿಂಗಸುಗೂರಿಗೆ, ಉಳಿದ ಒಂದೇ ಒಂದು ನಮಗೆ. ಅದರ ಪರದೆಯಲ್ಲಿ ಬಿಳಿಯ ಬಣ್ಣವೂ ಕಾಮಾಲೆ ಹಿಡಿದಂತೆ ಕಾಣುತ್ತಿತ್ತು. ಉದ್ಘಾಟನೆಯ ಕರಪತ್ರದಲ್ಲಿ ಉಳಿದೆರಡು ಊರುಗಳ ಶಿಕ್ಷಕರ ಹೆಸರುಗಳನ್ನು ದಪ್ಪಕ್ಷರದಲ್ಲಿ ಹಾಕಿಸಿ, ಮಸ್ಕಿಯ ಮುಂದೆ ‘ನುರಿತ ಶಿಕ್ಷಕರು’ ಎಂದಷ್ಟೇ ಅಚ್ಚು ಹಾಕಿಸಿದ್ದರು. ಆ ಕರಪತ್ರ ಇಂದಿಗೂ ನನ್ನ ಬಳಿ ಇದೆ.

ಪಾಠಗಳೆಲ್ಲ ಸಿಂಧನೂರಿನ ಒಂದು ಯಂತ್ರದಲ್ಲಿದ್ದವು. ಅದನ್ನು ಸರ್ವರ್ ಎನ್ನುತ್ತಿದ್ದರು. ಶಾಖೆಗಳವರು ಟೆಲಿಫೋನಿನ ತಂತಿಗೆ ಮೋಡೆಮ್ ಎಂಬ ಡಬ್ಬಿ ಸಿಕ್ಕಿಸಿ, ಸಿಂಧನೂರಿಗೆ ಫೋನು ಹಚ್ಚಿ, ಆ ಡಬ್ಬಿ ಕಿರುಚಿ ಕಿರುಚಿ ಸುಮ್ಮನಾದ ಮೇಲೆ ಪಾಠದ ಪುಟಗಳನ್ನು ತೆರೆಯಬೇಕು. ತೆರೆಯುವ ಮೊದಲು ಅದು ಹೆಸರನ್ನೂ ಗುಪ್ತಪದವನ್ನೂ ಕೇಳುತ್ತಿತ್ತು. ಈ ಸರ್ವರಿನ ಉಸ್ತುವಾರಿ ಸಾವಕಾರರ ಸೋದರಳಿಯನದು. ಹೈದರಾಬಾದಿನಲ್ಲಿ ಒಂದು ಕೋರ್ಸು ಮುಗಿಸಿ ಬಂದಿದ್ದ. ತನ್ನ ಕೋಣೆಗೆ ತಂಪು ಗಾಳಿಯ ಯಂತ್ರ ಹಾಕಿಸಿಕೊಂಡು, ಬಾಗಿಲಿಗೆ ‘ಸಿಸ್ಟಮ್’ ಎಂದು ಬರೆಸಿಕೊಂಡಿದ್ದ.

ವಿದ್ಯಾರ್ಥಿಗಳ ಹೆಸರು ನೋಂದಾಯಿಸುವ ದಿನ ಅವನು ಫೋನು ಮಾಡಿದ.

“ಮಾಸ್ತರ್ರ, ಹೆಸರು ಸೇರಿಸೋ ಪುಟ ತೆರದೀನಿ ನೋಡ್ರಿ. ಏನರ ಹಾಕ್ರಿ, ನಡೀತದ. ಸಿಂಧನೂರಿನ್ಯಾಗ ನಾವು ಎಸ್ ಒಂದು, ಎಸ್ ಎರಡು ಅಂತ ಕೊಟ್ಟೀವಿ. ಲಿಂಗಸುಗೂರಿನ್ಯಾಗೂ ಹಂಗ.”

“ಅವರೇನು ಜೇಲಿನ್ಯಾಗ ಅದಾರೇನಪಾ, ನಂಬರಿನಿಂದ ಕರಿಯಾಕ?”

“ನಿಮಗ ಹ್ಯಾಂಗ ಬೇಕೋ ಹಂಗ ಹಾಕ್ಕೋರಿ. ನಂಗ ಬ್ಯಾರೆ ಕೆಲಸ ಅದಾವ.”

ನನಗೆ ಹೇಗೆ ಬೇಕೋ ಹಾಗೆ ಹಾಕಲು ಅನುಮತಿ ಕೊಟ್ಟವನು ಅವನೇ ಎಂಬುದನ್ನು ಓದುಗರು ದಯವಿಟ್ಟು ಗಮನದಲ್ಲಿಡಬೇಕು.

ನಮ್ಮ ಭಾಗದಲ್ಲಿ ಬಾಯಿಮಾತಿನಲ್ಲಿ ಯಾರು ಯಾರನ್ನಾದರೂ ‘ಲೇ’ ಎನ್ನಬಹುದು. ಹೆತ್ತ ತಾಯಿಯನ್ನು ‘ನೀ’ ಎನ್ನಬಹುದು. ಆದರೆ ಬರವಣಿಗೆಗೆ ಬಂದ ಕೂಡಲೇ ಗೌರವ ಬಿಟ್ಟು ಹೆಸರು ಬರೆಯುವ ಪದ್ಧತಿಯಿಲ್ಲ. ಇಡೀ ದಿನ ಜಗಳವಾಡಿದ ದಾಯಾದಿಗೆ ಲಗ್ನಪತ್ರಿಕೆ ಕೊಡುವಾಗಲೂ ಲಕೋಟೆಯ ಮೇಲೆ ‘ಶ್ರೀ’ ಹಾಕಿಯೇ ಕೊಡುತ್ತೇವೆ. ಹಾಕದಿದ್ದರೆ ಅವನು ಮದುವೆಗೆ ಬರುವುದಿಲ್ಲ. ಬಾರದಿರುವುದಕ್ಕೆ ಅವನಿಗೆ ಸಕಾರಣವೂ ಇರುತ್ತದೆ. ಆದ್ದರಿಂದ ನಾನು ಹೆಸರು ಸೇರಿಸುವ ಪುಟದಲ್ಲಿ ಗಂಡಸರಿಗೆ ‘ಶ್ರೀ’, ಮದುವೆಯಾದ ಹೆಣ್ಣುಮಕ್ಕಳಿಗೆ ‘ಶ್ರೀಮತಿ’, ಉಳಿದವರಿಗೆ ‘ಕುಮಾರಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಖಾಲಿ ಜಾಗ ಬಿಟ್ಟು, ಹೆಸರು ಸೇರಿಸಿದೆ. ಯಂತ್ರ ಯಾವ ತಕರಾರನ್ನೂ ಮಾಡಲಿಲ್ಲ. ಎಲ್ಲವನ್ನೂ ಸ್ವೀಕರಿಸಿತು.

ಅದನ್ನು ಪರದೆಯ ಮೇಲೆ ನೋಡಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಸಂತೆಕಲ್ಲೂರಿನ ಒಬ್ಬ ಸೊಸೆ. ದಿನವೂ ಟೆಂಪೋದಲ್ಲಿ ಬರುತ್ತಿದ್ದಳು. ಅವಳ ಅತ್ತೆ ಮಸ್ಕಿಯವರೆಗೆ ಮಾತ್ರ ಒಪ್ಪಿಗೆ ಕೊಟ್ಟಿದ್ದಳು. ಲಿಂಗಸುಗೂರು, ಸಿಂಧನೂರು ಎಂದರೆ ಪಾಠ ಅಲ್ಲಿಗೇ ಮುಗಿದಂತೆ.

“ಮಾಸ್ತರ್ರ, ಇದು ನಾನೇ ಏನ್ರಿ? ಶ್ರೀಮತಿ?” ಎಂದಳು. “ನಮ್ ಮನ್ಯಾಗ ನನ್ನ ಹೆಸರು ಹಿಡದು ಕರಿಯೋರೇ ಇಲ್ರಿ. ‘ಏ ಇಕಿ, ಎಲ್ಲಿ ಹೋಗ್ಯಾಳ ಇಕಿ’ ಅಂತಾರ, ಅಷ್ಟ.”

“ಇಲ್ಲಿ ಶ್ರೀಮತಿ ತಂಗಿ. ನಡಿ, ಎರಡನೇ ಪಾಠ ತೆಗಿ.”

ಹೀಗೆ ನಮ್ಮ ಶಾಖೆ ನಡೆಯಿತು. ಒಂದೇ ಯಂತ್ರವಾದ್ದರಿಂದ ಸರದಿಯಲ್ಲಿ ಕೂರುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಕುರ್ಚಿ ತಣ್ಣಗಾದದ್ದನ್ನು ನಾನು ಕಂಡಿಲ್ಲ.

ಕೆಲವು ತಿಂಗಳ ನಂತರ ಒಂದು ಕೆಲಸಕ್ಕೆ ಸಿಂಧನೂರಿಗೆ ಹೋಗಿದ್ದಾಗ, ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಸಾವಕಾರರು ಕುಳಿತಿದ್ದರು. ಸುತ್ತ ನಾಲ್ಕಾರು ಮಂದಿ. ಲಿಂಗಸುಗೂರು ಶಾಖೆಯ ಶಿಕ್ಷಕರೂ ಇದ್ದರು. ನಾನು ಒಳಗೆ ಬರುವುದನ್ನು ಕಂಡೇ ಸಾವಕಾರರು ದನಿ ಎತ್ತರಿಸಿದರು.

“ಬರ್ರಿ ಬರ್ರಿ ಮಾಸ್ತರ್ರ. ನಮ್ಮ ಹುಡುಗ ಸರ್ವರಿನ ಹಿಸಾಬ ತಗದಾನ. ಸಿಂಧನೂರಾಗ ಪಾಠ ತೆರದೋರು ಇಷ್ಟು, ಲಿಂಗಸುಗೂರಾಗ ಇಷ್ಟು. ಮಸ್ಕ್ಯಾಗ ಎಷ್ಟು ಗೊತ್ತೇನ್ರಿ? ಎರಡು! ನೀವು ಫ್ಯಾನಿನ ಕೆಳಗ ಆರಾಮ ಮಲಗೀರಿ ಅನ್ನಸ್ತದ.”

ಎಲ್ಲರೂ ನಕ್ಕರು. ಲಿಂಗಸುಗೂರಿನ ಶಿಕ್ಷಕರು ಚಹಾ ಕುಡಿಯುತ್ತಿದ್ದವರು ಬಟ್ಟಲು ಕೆಳಗಿಟ್ಟು, ಎರಡೂ ಕೈ ಬಿಡುವು ಮಾಡಿಕೊಂಡು ನಕ್ಕರು. ನಾನು ಒಂದು ಮಾತನ್ನು ಮಾತ್ರ ಹೇಳಬಯಸುತ್ತೇನೆ: ಮಸ್ಕಿಯ ಶಾಖೆಯಲ್ಲಿ ಫ್ಯಾನು ಇರಲಿಲ್ಲ. ಹಾಕಿಸಿಕೊಡುವುದಾಗಿ ಇದೇ ಸಾವಕಾರರು ಮಾತು ಕೊಟ್ಟು ಒಂದು ಇಡೀ ಬೇಸಿಗೆ ಕಳೆದಿತ್ತು.

“ಯುಗಾದಿ ಆದ ಮ್ಯಾಲ ಮಸ್ಕಿದು ಯಂತ್ರ ಇಲ್ಲಿಗೆ ತರಸ್ತೀನ್ರಿ,” ಎಂದರು ಅವರು. “ಖಾಲಿ ಕುಂತ ಯಂತ್ರಕ್ಕ ಬಾಡಿಗಿ ಯಾಕ ಕಟ್ಟಬೇಕು? ಓದೋರು ಇದ್ರ ಸಿಂಧನೂರಿಗೆ ಬರ್ಲಿ.”

ಸಿಂಧನೂರಿಗೆ ಬರಲಾರದವರು ಯಾರೆಂಬುದು ನನಗೆ ಗೊತ್ತಿತ್ತು. ನಾನು ಚಹಾ ಕುಡಿಯದೆ ನೇರವಾಗಿ ತಂಪು ಕೋಣೆಗೆ ಹೋದೆ.

ಸೋದರಳಿಯ ತಿರುಗುವ ಕುರ್ಚಿಯಲ್ಲಿ ಕುಳಿತಿದ್ದ. ನನಗೆ ಒಂದು ಸ್ಟೂಲು ತೋರಿಸಿದ. ಅದರ ಮೇಲೆ ಧೂಳಿತ್ತು. ಒರೆಸಲಿಲ್ಲ. ನಾನೇ ಒರೆಸಿಕೊಂಡು ಕುಳಿತೆ.

“ಸರ್ವರು ಎಲ್ಲಾ ಬರಕೊಂತದ್ರಿ,” ಎಂದ ಅವನು. “ಯಾರು ಬಂದ್ರು, ಎಷ್ಟೊತ್ತಿಗೆ ಬಂದ್ರು, ಯಾವ ಪುಟ ಕೇಳಿದ್ರು. ಅದಕ್ಕ ಲಾಗ್ ಅಂತೀವಿ. ಸುಳ್ಳು ಹೇಳಂಗಿಲ್ಲ ಅದು.”

ಪರದೆಯ ಮೇಲೆ ಅಂದಿನ ಕೆಲವು ಸಾಲುಗಳನ್ನು ತೋರಿಸಿದ. ನನ್ನ ಕೋಪವನ್ನು ಒಂದು ಕ್ಷಣ ಬದಿಗಿಟ್ಟು ಹೇಳುತ್ತೇನೆ, ಅದು ಬಹು ಶಿಸ್ತಿನ ಬರಹ. ಒಂದು ಭೇಟಿಗೆ ಒಂದು ಸಾಲು. ಮೊದಲು ಬಂದವರ ಯಂತ್ರದ ವಿಳಾಸ, ಬಳಿಕ ಒಂದು ಅಡ್ಡಗೆರೆ, ಬಳಿಕ ಬಂದವರ ಹೆಸರು; ಚೌಕ ಕಂಸದೊಳಗೆ ದಿನಾಂಕ ಮತ್ತು ವೇಳೆ; ಉದ್ಧರಣ ಚಿಹ್ನೆಗಳ ನಡುವೆ ಅವರು ಕೇಳಿದ ಪುಟ; ಆಮೇಲೆ ಸರ್ವರು ಕೊಟ್ಟ ಉತ್ತರದ ಸಂಖ್ಯೆ, ಪುಟದ ತೂಕ; ಕೊನೆಗೆ ಮತ್ತೆರಡು ಉದ್ಧರಣಗಳು. ಕೇಳಿದ ಪುಟದ ವಿಳಾಸದಲ್ಲಿಯೇ ಶಾಖೆಯ ಹೆಸರು ಇರುತ್ತಿತ್ತು. ಇಷ್ಟು ಅಚ್ಚುಕಟ್ಟಾಗಿ ದಿನಚರಿ ಬರೆದ ಸಹೋದ್ಯೋಗಿಯನ್ನು ನನ್ನ ಇಡೀ ಸೇವಾವಧಿಯಲ್ಲಿ ನಾನು ಕಂಡಿರಲಿಲ್ಲ.

“ಈ ಉದ್ದ ಸಾಲಿನ್ಯಾಗ ನಮಗ ಬೇಕಾದ ತುಂಡು ಕಿತ್ತಕೊಳ್ಳಾಕ ಒಂದು ಪ್ಯಾಟರ್ನು ಬರದೀನ್ರಿ. ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂತಾರ. ನಿಮಗ ತಿಳ್ಯಂಗಿಲ್ಲ ಬಿಡ್ರಿ.”

ಮಗ್ಗಿಯಿಂದ ಹಿಡಿದು ತ್ರಿಕೋನಮಿತಿಯವರೆಗೆ ಎರಡು ತಲೆಮಾರುಗಳಿಗೆ ಕಲಿಸಿದವನಿಗೆ ಈ ಮಾತು. ನಾನು ಲಾಗಿನ ಒಂದು ಪ್ರತಿಯನ್ನೂ ಅವನ ಪ್ಯಾಟರ್ನಿನ ಪ್ರತಿಯನ್ನೂ ಫ್ಲಾಪಿಯಲ್ಲಿ ಕೇಳಿದೆ. ತನ್ನ ಬರಹವನ್ನು ಯಾರೋ ಕೇಳಿದರೆಂಬ ಹೆಮ್ಮೆಗೆ ಅದನ್ನೂ ಕೊಟ್ಟ, ಅದರ ಪುಸ್ತಕದ ಜೆರಾಕ್ಸು ಪುಟಗಳನ್ನೂ ಕೊಟ್ಟ.

ಮಸ್ಕಿಗೆ ಬಂದು ಕಡತವನ್ನು ತೆರೆದರೆ, ನಮ್ಮ ಸಾಲುಗಳು ಅಲ್ಲಿಯೇ ಇದ್ದವು! ಪುಟದ ಮೇಲೆ ಪುಟ ತಿರುವಿದರೂ ಮಸ್ಕಿ, ಮಸ್ಕಿ, ಮಸ್ಕಿ. ನಾನು ಕೂಡಲೇ ಸಾವಕಾರರಿಗೆ ಫೋನು ಹಚ್ಚಿದೆ.

“ಸಾವಕಾರ್ರ, ನಾ ಕಣ್ಣಾರ ನೋಡಾಕತ್ತೀನಿ. ನಮ್ಮವು ಬೇಕಾದಷ್ಟು ಅದಾವ.”

ಆ ಕಡೆ ಸೋದರಳಿಯನೊಡನೆ ಪಿಸುಮಾತು ನಡೆಯಿತು. ಆಮೇಲೆ ಸಾವಕಾರರು ಹೇಳಿದ ಮಾತನ್ನು ಅಕ್ಷರಶಃ ಬರೆಯುತ್ತೇನೆ.

“ಮಾಸ್ತರ್ರ, ಕಣ್ಣಿಲೆ ನೋಡಿದ್ದು ಹಿಸಾಬ ಆಗಂಗಿಲ್ಲಂತ. ಇದ್ದಿದ್ರ ಯಂತ್ರನ ಹೇಳ್ತಿತ್ತಂತ. ಮತ್ತ ಫ್ಲಾಪಿ ಈಗ ನಿಮ್ಮ ಕೈಯಾಗ ಐತಿ. ಅದ್ರಾಗ ಏನು ಬರಕೊಂಡೀರೋ ಯಾರಿಗೆ ಗೊತ್ತು?”

ನಿದ್ರೆಯ ಆರೋಪ ಹೋಗಿ ಕಳ್ಳಬರಹದ ಆರೋಪ ಬಂದಿತು. ಪರೀಕ್ಷಾ ಕೋಣೆಯಲ್ಲಿ ಸ್ವಂತ ಅಣ್ಣನ ಮಗನ ಚೀಟಿ ಹಿಡಿದು ಹೊರಗೆ ಹಾಕಿದವನು ನಾನು; ಅಣ್ಣ ಆಮೇಲೆ ನನ್ನೊಡನೆ ಮಾತು ಬಿಟ್ಟಿದ್ದ. ನಾನು ನಿಶ್ಚಯಿಸಿದೆ: ಇದನ್ನು ಅವರ ಯಂತ್ರದಲ್ಲಿ, ಅವರ ಪ್ಯಾಟರ್ನಿನಿಂದ, ಅವರ ಬೆರಳುಗಳಿಂದಲೇ ಸಾಬೀತು ಮಾಡಬೇಕು. ಅದಕ್ಕೆ ಮೊದಲು ಆ ವಿದ್ಯೆ ನನಗೆ ಬರಬೇಕು.

ಜೆರಾಕ್ಸು ಪುಟಗಳನ್ನು ಓದತೊಡಗಿದೆ. ನನ್ನ ವಿಷಯದಲ್ಲಿ ಚುಕ್ಕೆಯೆಂದರೆ ದಶಮಾಂಶ. ಅದು ತನ್ನ ಸ್ಥಾನ ಬಿಟ್ಟು ಅಲುಗುವುದಿಲ್ಲ. ಇಲ್ಲಿ ಚುಕ್ಕೆಯೆಂದರೆ ಯಾವ ಅಕ್ಷರ ಬಂದರೂ ಸರಿ, ಬಾಗಿಲಿಲ್ಲದ ಧರ್ಮಶಾಲೆ. ಅದರ ಮುಂದೆ ನಕ್ಷತ್ರ ಹಾಕಿದರೆ ಎಷ್ಟು ಬಂದರೂ ಸರಿ. ಉದ್ಧರಣ ಚಿಹ್ನೆಗಳ ನಡುವಿನ ಪುಟದ ಹೆಸರನ್ನು ಹಿಡಿಯಲೆಂದು ನಾನು ಎರಡು ಉದ್ಧರಣಗಳ ನಡುವೆ ಚುಕ್ಕೆಯನ್ನೂ ನಕ್ಷತ್ರವನ್ನೂ ಇಟ್ಟೆ. ಅದು ಮೊದಲ ಉದ್ಧರಣದಲ್ಲಿ ಬಾಯಿ ತೆರೆದದ್ದು ಸಾಲಿನ ಕೊನೆಯ ಉದ್ಧರಣದವರೆಗೆ ಎಲ್ಲವನ್ನೂ ನುಂಗಿಬಿಟ್ಟಿತು. ಬೀಗರ ಊಟಕ್ಕೆ ಒಂದು ಪಂಕ್ತಿಗೆ ಕರೆದರೆ, ಮೂರು ಪಂಕ್ತಿ ಮುಗಿದರೂ ಎಲೆ ಬಿಟ್ಟೇಳದ ಒಬ್ಬ ನೆಂಟ ನಮ್ಮ ಮನೆತನದಲ್ಲಿದ್ದ. ಅವನು ತೀರಿಕೊಂಡ ಮೇಲೆ ಅಂಥ ಹಸಿವನ್ನು ನಾನು ಕಂಡದ್ದು ಈ ನಕ್ಷತ್ರದಲ್ಲಿಯೇ. ಅವನಿಗೆ ಬಡಿಸುವುದನ್ನು ನಿಲ್ಲಿಸಿದಂತೆ ಇದಕ್ಕೂ ಎಲ್ಲೆ ಹಾಕಬೇಕು. ‘ಉದ್ಧರಣ ಚಿಹ್ನೆಯಲ್ಲದ ಅಕ್ಷರಗಳನ್ನು ಮಾತ್ರ ತಿನ್ನು’ ಎಂದು ಬರೆದುಕೊಟ್ಟ ಮೇಲೆ ಅದು ಮರ್ಯಾದೆಯಿಂದ ನಡೆದುಕೊಂಡಿತು.

ಇನ್ನು ಅವನ ಪ್ಯಾಟರ್ನು. ಅದನ್ನು ನಾನು ಪ್ರಮೇಯದ ಸಾಧನೆಯಂತೆ ಪರೀಕ್ಷಿಸಿದೆ. ಇಡಿಯಾಗಿ ನಂಬುವುದಿಲ್ಲ, ಒಂದೊಂದೇ ಹೆಜ್ಜೆ. ಮೊದಲು ವಿಳಾಸದ ತುಂಡನ್ನಷ್ಟೇ ಇಟ್ಟು ಓಡಿಸಿದೆ. ಎಲ್ಲ ಸಾಲುಗಳೂ ಹೊಂದಿದವು, ಮಸ್ಕಿಯವೂ. ಅಡ್ಡಗೆರೆಯ ತುಂಡು ಸೇರಿಸಿದೆ. ಆಗಲೂ ಹೊಂದಿದವು. ಮೂರನೆಯದು, ಹೆಸರಿನ ತುಂಡು ಮತ್ತು ಅದರ ಮುಂದಿನ ಚೌಕ ಕಂಸ. ಅದನ್ನು ಸೇರಿಸಿದ ಕೂಡಲೇ ಮಸ್ಕಿ ಮಾಯ!

ಆ ತುಂಡಿನಲ್ಲಿ ಇದ್ದದ್ದು ಒಂದು ಓರೆಗೆರೆ, ಇಂಗ್ಲಿಷಿನ ದೊಡ್ಡ ಎಸ್, ಒಂದು ಸಂಕಲನ ಚಿಹ್ನೆ. ಅರ್ಥವಿಷ್ಟೇ: ನಡುವೆ ಖಾಲಿ ಜಾಗವಿಲ್ಲದ ಅಕ್ಷರಗಳ ಒಂದೇ ಗುಂಪು. ಗುಂಪು ಮುಗಿದು ಒಂದು ಖಾಲಿ ಜಾಗ ಬಂದೊಡನೆ ಮುಂದೆ ಚೌಕ ಕಂಸವೇ ಇರಬೇಕು. ಇಂಗ್ಲಿಷಿನಲ್ಲಿ ನಡುವೆ ಜಾಗ ಬಿಡದೆ ಬರೆದ ‘ಎಸ್ ಒಂದು’ ಎಂಬ ಕೈದಿಯ ಹೆಸರು ಅದರಲ್ಲಿ ಸಲೀಸಾಗಿ ಹಿಡಿಸುತ್ತಿತ್ತು. ನಮ್ಮದರಲ್ಲಿ ‘ಶ್ರೀಮತಿ’ ಮುಗಿದು ಖಾಲಿ ಜಾಗ ಬಂದ ಮೇಲೆ ಕಂಸದ ಬದಲು ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಪ್ಯಾಟರ್ನಿಗೆ ಅದು ಗೊತ್ತಾಗುತ್ತಿರಲಿಲ್ಲ. ಇಡೀ ಸಾಲನ್ನೇ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತಿತ್ತು.

ಸಂತೆಕಲ್ಲೂರಿನ ಸೊಸೆ ತನ್ನ ಸರದಿಗೆ ಕಾಯುತ್ತ ಪಕ್ಕದಲ್ಲಿ ನಿಂತಿದ್ದಳು.

“ಸಿಕ್ತೇನ್ರಿ ಮಾಸ್ತರ್ರ?”

“ಸಿಕ್ತು ತಂಗಿ. ನಿಮ್ಮ ಹೆಸರಿನ ಮುಂದಿನ ಗೌರವ ಅವರ ಬಾಗಿಲದಾಗ ಹಿಡಿಸವಲ್ತು.”

ಅವಳು ಬಗ್ಗಿ ಪರದೆ ನೋಡಿದಳು. “ಹಂಗಾದ್ರ ತಗದಬಿಡ್ರಿ ಅದನ್ನ. ಶ್ರೀಮತಿ ಇಲ್ದಿದ್ರೂ ನಾ ನಾನೇ ಇರ್ತೀನಲ್ರಿ. ಶಾಖಾ ಹೋದ್ರ ಮಾತ್ರ ನಂದು ಮುಗೀತು. ನಮ್ಮತ್ತಿ ಟೆಂಪೋಕ್ಕ ಹತ್ತಗೊಡಂಗಿಲ್ಲ.”

“ಈಗ ತಗದ್ರ ಮುಂದಿನ ಸಾಲು ಸರಿ ಆಗ್ತಾವ. ಹಿಂದಿನವು ಹ್ಯಾಂಗಿದ್ವೋ ಹಂಗ ಕಸದಾಗ ಉಳೀತಾವ. ಯುಗಾದಿ ಮುಂದ ಬಂದೈತಿ, ಅವರು ನೋಡೋದು ಹಿಂದಿನ ಹಿಸಾಬ.”

“ಮತ್ತೇನು ಮಾಡ್ತೀರಿ?”

“ಅವರ ಬಾಗಿಲು ದೊಡ್ಡದು ಮಾಡಸ್ತೀನಿ.”

“ಜಗಳ ಮಾಡಬ್ಯಾಡ್ರಿ ಮತ್ತ,” ಎಂದಳು ಅವಳು. “ನೀವು ಜಗಳಾ ಮಾಡಿದ್ರ ಅವರು ಸಿಟ್ಟಿನ್ಯಾಗ ಇವತ್ತ ಯಂತ್ರ ಒಯ್ತಾರ.”

ನಾನು ಜಗಳ ಮಾಡುವವನಲ್ಲ; ಆಗಿದ್ದನ್ನು ಆದಂತೆ ಹೇಳುವವನು. ಎರಡಕ್ಕೂ ಇರುವ ಅಂತರ ಆ ಶಾಖೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಮರುದಿನ ಸಿಂಧನೂರಿನ ತಂಪು ಕೋಣೆಯಲ್ಲಿ ಸಾವಕಾರರು, ಸೋದರಳಿಯ, ನಾನು. ಸ್ಟೂಲಿನ ಮೇಲೆ ಸಾವಕಾರರು ಕುಳಿತರು. ನಾನು ನಿಂತೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೇಳಿದೆ:

“ನಾ ಕೀಲಿಮಣಿ ಮುಟ್ಟಂಗಿಲ್ಲ. ಫ್ಲಾಪೀನೂ ತಂದಿಲ್ಲ. ನಿಮ್ಮ ಹುಡುಗನ ಒತ್ತಲಿ. ಒಂದ ಪ್ರಶ್ನೆ. ಲಾಗಿನ್ಯಾಗ ಒಟ್ಟು ಸಾಲು ಎಷ್ಟು?”

ಅವನು ಒತ್ತಿ ಹೇಳಿದ.

“ಅದ್ರಾಗ ಪ್ಯಾಟರ್ನಿಗೆ ಹೊಂದಿದ್ದು ಎಷ್ಟು?”

ಹೇಳಿದ. ಎರಡೂ ಒಂದೇ ಆಗಿರಲಿಲ್ಲ, ಬಹಳ ಅಂತರವಿತ್ತು. ಸಾವಕಾರರು ಸ್ಟೂಲಿನ ಮೇಲೆ ಸ್ವಲ್ಪ ಮುಂದೆ ಸರಿದರು. ಅಕ್ಕಿ ಗಿರಣಿಯ ಮನುಷ್ಯ; ಒಳಗೆ ಹೋದ ಭತ್ತಕ್ಕೂ ಹೊರಗೆ ಬಂದ ಅಕ್ಕಿಗೂ ತಾಳೆಯಾಗದಿದ್ದರೆ ನಿದ್ರೆ ಬಾರದವರು.

“ಉಳಿದವು ಎಲ್ಲಿ ಹೋದ್ವಪಾ?” ಎಂದು ಕೇಳಿದೆ.

“ಅವೆಲ್ಲಾ ಕಸರೀ. ಲಾಗಿನ್ಯಾಗ ಕಸ ಇರ್ತದ. ಪ್ಯಾಟರ್ನಿಗೆ ಹೊಂದಲಿಲ್ಲಂದ್ರ ಬಿಟ್ಟು ಮುಂದ ಹೋಗಂತ ಬರದೀನಿ.”

“ಭಾಗಾಕಾರದಾಗ ಶೇಷ ಬರೀದೆ ಬಿಟ್ಟವನಿಗೆ ನಾ ಯಾವತ್ತೂ ಮಾರ್ಕು ಕೊಟ್ಟಿಲ್ಲ. ಆ ಕಸ ತೋರಸು.”

“ಅದನ್ನ್ಯಾಕ ನೋಡ್ತೀರಿ...”

“ತೋರಸಲೇ,” ಎಂದರು ಸಾವಕಾರರು. “ಹೊಟ್ಟು ಅಂತ ಹೇಳಿ ಅಕ್ಕಿ ಹೊರಗ ಹಾಕೋರನ್ನ ನಾ ಭಾಳ ಮಂದಿ ನೋಡೀನಿ.”

ಹೊಂದದ ಸಾಲುಗಳನ್ನು ಮಾತ್ರ ತೋರಿಸು ಎಂದು ಅವನು ಒತ್ತಿದ. ಪರದೆ ಕೆಳಗಿನಿಂದ ಮೇಲಕ್ಕೆ ಓಡತೊಡಗಿತು. ಶ್ರೀ, ಶ್ರೀಮತಿ, ಕುಮಾರಿ, ಶ್ರೀ, ಶ್ರೀ, ಶ್ರೀಮತಿ. ಮದುವೆಯ ಆಹ್ವಾನಪತ್ರಿಕೆಗಳನ್ನು ಚೀಲದಿಂದ ಸುರಿದ ಹಾಗೆ. ನಿಲ್ಲಲೊಲ್ಲದು. ಸಾವಕಾರರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಪ್ರತಿ ಸಾಲಿನಲ್ಲಿಯೂ ಮಸ್ಕಿ.

“ಲೇ, ಇದೆಲ್ಲಾ ಕಸೇನೋ?”

“ಮಾವಾ, ಹೆಸರಿನ್ಯಾಗ ಖಾಲಿ ಜಾಗ ಬಿಟ್ಟಾರ. ಹಂಗ ಯಾರೂ ಬಿಡಂಗಿಲ್ಲ. ಅದು ಇವರ ತಪ್ಪು.”

“ಹ್ಯಾಂಗ ಬೇಕೋ ಹಂಗ ಹಾಕ್ಕೋರಿ ಅಂತ ಯಾರು ಹೇಳಿದ್ರು?” ಎಂದೆ. ದಿನವನ್ನೂ ವೇಳೆಯನ್ನೂ ಹೇಳಿದೆ. ಅವನು ಅಂದು ಫೋನಿನಲ್ಲಿ ಏನನ್ನೋ ಅಗಿಯುತ್ತಿದ್ದನೆಂಬುದನ್ನೂ ಹೇಳಿದೆ.

“ಬರೇ ಹೆಸರು ಬರೀಬೇಕಿತ್ರಿ. ಶ್ರೀ ಗೀ ಎಲ್ಲಾ ಯಾಕ ಬೇಕು ಕಂಪ್ಯೂಟರಿಗೆ?”

“ನಮ್ಮೂರ ಗುಡ್ಡದಾಗಿನ ಶಾಸನದ ಕಲ್ಲು ನೋಡಿಯೇನು?”

“ಶಾಲ್ಯಾಗ ಪಿಕ್ನಿಕ್ಕಿಗೆ ಕರಕೊಂಡು ಹೋಗಿದ್ರು.”

“ಅದ್ರ ಮ್ಯಾಲ ಚಕ್ರವರ್ತಿ ಹೆಸರು ಐತಿ. ಬರೇ ಹೆಸರಲ್ಲ, ಮುಂದ ದೇವಾನಾಂಪ್ರಿಯ ಅಂತ ಐತಿ, ಆಮ್ಯಾಲ ಹೆಸರು. ಗೌರವಾನೂ ಹೆಸರೂ ಎರಡೂ ಕೂಡಿ ಇದ್ದದ್ದಕ್ಕ ಅವ ಯಾರಂತ ಮಂದಿಗೆ ತಿಳೀತು. ಕಲ್ಲು ಓದಾಕ ನಿನ್ನ ಪ್ಯಾಟರ್ನು ಹಚ್ಚಿದ್ರ ಚಕ್ರವರ್ತೀನೂ ಕಸದಾಗ ಹೋಗ್ತಿದ್ದ.”

ಸಾವಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಬಾರಿ ನನ್ನನ್ನು ನೋಡಿ ನಗಲಿಲ್ಲವೆಂಬ ಕಾರಣಕ್ಕೆ ಆ ನಗೆಯನ್ನು ನಾನು ಲೆಕ್ಕದಿಂದ ಬಿಟ್ಟಿದ್ದೇನೆ.

“ಆತೀಗ, ಮಾಸ್ತರ್ರ, ಸಿಟ್ಟು ಸಾಕು,” ಎಂದರು. “ಒಂದು ಮಾತು ಕೇಳ್ರಿ. ಆ ಶ್ರೀಗೂ ಹೆಸರಿಗೂ ನಡುವಿನ ಜಾಗ ತಗದು ಕೂಡಿಸಿ ಬರದಬಿಡ್ರಿ. ಹುಡುಗಗೂ ಸಲೀಸ, ನಿಮಗೂ ಸಲೀಸ.”

“ನಡುವ ಜಾಗ ಬಿಡದ ನಿಮ್ಮ ಹೆಸರಿಗೆ ಶ್ರೀ ಅಂಟಿಸಿ ಲಗ್ನಪತ್ರಿಕಿ ಕೊಟ್ರ ನೀವು ಇಸಗೋತೀರೇನ್ರಿ ಸಾವಕಾರ್ರ?”

ಅವರು ಒಂದು ಕ್ಷಣ ಅದನ್ನು ಮನಸ್ಸಿನಲ್ಲಿಯೇ ಬರೆದು ನೋಡಿಕೊಂಡರೆಂದು ಕಾಣುತ್ತದೆ. ಅಳಿಯನ ಕಡೆ ತಿರುಗಿದರು.

“ನೀನ ಬದಲ ಮಾಡಲೇ.”

ಅವನು ಮುಖ ಊದಿಸಿಕೊಂಡು ಹೆಸರಿನ ಜಾಗದಲ್ಲಿ ಚುಕ್ಕೆ ಮತ್ತು ನಕ್ಷತ್ರ ಒತ್ತಿದ.

“ಆ ಹೊಟ್ಟೆಬಾಕನ್ನ ಒಳಗ ಕರೀಬ್ಯಾಡ,” ಎಂದೆ. “ಎಲ್ಲಿ ನಿಲ್ಲಬೇಕಂತ ಹೇಳು ಅದಕ್ಕ. ಚೌಕ ಕಂಸ ಬರೋ ತನಕ, ಕಂಸ ಅಲ್ಲದ್ದು ಏನಿದ್ರೂ ಸರಿ ಅಂತ ಬರಿ.”

ಅವನು ನನ್ನನ್ನು ನೋಡಿದ.

“ಇದು ನಿಮಗ ಯಾರು ಹೇಳಿಕೊಟ್ರು?”

“ನೀನ ಕೊಟ್ಟಿ, ಜೆರಾಕ್ಸು.”

ಅವನು ಬರೆದ, ಓಡಿಸಿದ. ಹೊಂದಿದ ಸಾಲುಗಳೂ ಒಟ್ಟು ಸಾಲುಗಳೂ ಒಂದಕ್ಕೊಂದು ಸರಿಯಾದವು, ಶೇಷ ಉಳಿಯಲಿಲ್ಲ. ಮಸ್ಕಿಯ ಒಂದೇ ಯಂತ್ರ ಲಿಂಗಸುಗೂರಿನ ಎಲ್ಲ ಯಂತ್ರಗಳನ್ನೂ ಹಿಂದೆ ಹಾಕಿ ಸಿಂಧನೂರಿನ ಬೆನ್ನಿಗೆ ನಿಂತಿತ್ತು. ಮೊದಲು ಕಂಡಿದ್ದ ಆ ಎರಡು ಸಾಲುಗಳು ಯಾರವೆಂದು ಸಾವಕಾರರು ಕೇಳಿದರು. ಅಳಿಯ ಅವನ್ನು ತೆಗೆದು ತೋರಿಸಿದ. ಮಸ್ಕಿಯ ಪುಟ ತೆರೆಯುತ್ತದೋ ಇಲ್ಲವೋ ಎಂದು ಅವನೇ ತನ್ನ ಹೆಸರಿನಿಂದ ಪರೀಕ್ಷಿಸಿದ್ದನಂತೆ. ಅಷ್ಟೂ ತಿಂಗಳು ಆ ಲೆಕ್ಕದಲ್ಲಿ ಮಸ್ಕಿಯ ವಿದ್ಯಾರ್ಥಿ ಎಂದು ಉಳಿದಿದ್ದವನು ಅವನೊಬ್ಬನೇ.

“ಯಂತ್ರ ಅಲ್ಲೇ ಇರ್ಲಿ ಮಾಸ್ತರ್ರ,” ಎಂದರು ಸಾವಕಾರರು ಎದ್ದು ನಿಂತು. “ಶಾಖಾ ಮುಚ್ಚಂಗಿಲ್ಲ. ಯುಗಾದಿಗೂ ಇಲ್ಲ, ದಸರಾಕ್ಕೂ ಇಲ್ಲ.”

ಕ್ಷಮಿಸಿ ಎಂಬ ಶಬ್ದ ಅವರ ಬಾಯಿಂದ ಬರಲಿಲ್ಲ. ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಅದನ್ನು ಅರ್ಧ ಕ್ಷಮೆಯೆಂದು ಪರಿಗಣಿಸಬಹುದು. ಉಳಿದರ್ಧ ಇನ್ನೂ ಬರಬೇಕಾಗಿದೆ.

ಸಂಜೆಯ ಬಸ್ಸಿಗೆ ಮಸ್ಕಿಯಲ್ಲಿ ಇಳಿದಾಗ ಶಾಖೆಯ ಬಾಗಿಲು ತೆರೆದೇ ಇತ್ತು. ಯಾರೂ ಮನೆಗೆ ಹೋಗಿರಲಿಲ್ಲ. ವಿಷಯ ಹೇಳಿದೆ. ಗದ್ದಲವೆದ್ದಿತು. ಸಂತೆಕಲ್ಲೂರಿನ ಸೊಸೆ ಸೆರಗಿನಿಂದ ಕೀಲಿಮಣೆಯ ಧೂಳನ್ನು ಒರೆಸತೊಡಗಿದಳು. ಧೂಳೇನೂ ಇರಲಿಲ್ಲ.

ಮರುದಿನ ಅವಳ ಜೊತೆ ಟೆಂಪೋದಿಂದ ಇನ್ನೊಬ್ಬರು ಇಳಿದರು. ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಎಲೆಯಡಿಕೆಯ ಚೀಲ. ಸೊಸೆ ಹಿಂದೆ ನಿಂತು ಕಣ್ಸನ್ನೆ ಮಾಡಿದಳು: ಇವರೇ ಅತ್ತೆ. ಶಾಖೆ ಉಳಿಯಿತೆಂದು ಸೊಸೆ ಮನೆಯಲ್ಲಿ ಹೇಳುವಾಗ, ಯಾಕೆ ಹೋಗುತ್ತಿತ್ತು, ಯಾಕೆ ಉಳಿಯಿತು ಎಂಬುದೆಲ್ಲ ಹೊರಗೆ ಬಂದಿತ್ತು. ಆ ತಾಯಿ ಹೊಸಿಲಲ್ಲಿಯೇ ನಿಂತು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಮಾಸ್ತರ ನೀವೇನ್ರಿ?”

“ಹೌದ್ರಿ ತಾಯಿ.”

“ನಮ್ಮ ಸೊಸೀನ್ನ ಸಿಂಧನೂರಿನ ಮಿಷನಿನ್ಯಾಗ ಶ್ರೀಮತಿ ಅಂತ ಬರದೀರಂತ. ಅದನ್ನ ತೆಗಿಯಾಕ ಒಲ್ಲೆ ಅಂತ ನೀವು ಸಾವಕಾರನ ಮುಂದ ಹಟ ಹಿಡಿದ್ರಂತ.”

“ಬರದೀನ್ರಿ. ಬರೀಬೇಕಾದ್ದ ಅದು.”

ಸೊಸೆಯ ಮುಖ ಸಣ್ಣದಾಯಿತು. ಪಾಠ ಇಂದಿಗೆ ಮುಗಿಯಿತೆಂದು ನಾನೂ ಅಂದುಕೊಂಡೆ. ಅತ್ತೆ ಒಳಗೆ ಬಂದು, ಸರದಿಯಲ್ಲಿ ಕುಳಿತಿದ್ದವನನ್ನು ಕೈಯಾಡಿಸಿ ಎಬ್ಬಿಸಿ, ಕುರ್ಚಿಯ ತುದಿಯಲ್ಲಿ ಕುಳಿತರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು.

“ಮತ್ತ ಮನೀಗೆ ದೊಡ್ಡಾಕಿ ಯಾರ್ರಿ? ನಾನು. ಮೊದಲ ನಂದು ಬರೀರಿ.”

“ನಿಮಗ ಕಂಪ್ಯೂಟರ್ ಕಲಿಯೋದು ಐತೇನ್ರಿ?”

“ಕಲಿಯೋದು ಬಿಡೋದು ಆಮ್ಯಾಲ ನೋಡಿದ್ರಾತು. ನೀವು ಬರೀರಿ. ನಡುವ ಜಾಗ ಬಿಟ್ಟು ಬರೀರಿ.”

ಬರೆದೆ. ಶ್ರೀಮತಿ, ಖಾಲಿ ಜಾಗ, ಹೆಸರು. ಸೊಸೆ ಅತ್ತೆಯ ಪಕ್ಕ ನಿಂತು, ಮೋಡೆಮ್ ಕಿರುಚಿ ಮುಗಿಯುವವರೆಗೆ ಕಾದು, ಅತ್ತೆಯ ತೋರುಬೆರಳನ್ನು ಹಿಡಿದು ಒತ್ತಿಸಿದಳು. ಮೊದಲನೆಯ ಪಾಠ ಮೇಲಿನಿಂದ ನಿಧಾನವಾಗಿ ಬಿಚ್ಚಿಕೊಂಡಿತು.

“ಇದರಾಗ ಏನೈತಬೇ?” ಎಂದರು ಅತ್ತೆ.

“ಓದಿ ಹೇಳ್ತೀನಿ ಸುಮ್ಮನಿರ್ರಿ ಅತ್ತಿ,” ಎಂದಳು ಸೊಸೆ. ಓದತೊಡಗಿದಳು.